ಏಳಲ್ಲ, ನಾಕು

ಐದು ದೀಪದ ಸರ್ಕಲ್ಲಿನಿಂದ ಸ್ಟೇಷನ್ ಕಡೆಗೆ ತಿರುಗಿದರೆ
ಪಂಕ್ಚರ್ ಅಂಗಡಿಯ ಪಕ್ಕ ಇಲಿಯಾಸಣ್ಣನ ಸೈಬರ್.
ಪಾಂಡವಪುರದ ಅರ್ಧ ಮಕ್ಕಳ ಜಾತಿ, ಆದಾಯ, ಅಂಕಪಟ್ಟಿ
ಅವನ ಹಳೇ ಸ್ಕ್ಯಾನರಿನ ಗಾಜಿನ ಮೇಲೆ
ಬೋರಲು ಮಲಗಿ ಎದ್ದಿವೆ.

ಅಮ್ಮ ಗಾರ್ಮೆಂಟ್ಸಿಗೆ ಅರ್ಧ ದಿನ ರಜೆ ಹಾಕಿ ಬಂದಿದ್ದಾಳೆ,
ತಲೆತುಂಬ ನೀಲಿ ನೂಲಿನ ಧೂಳು.
ಸ್ಕಾಲರ್‌ಶಿಪ್ಪಿಗೆ ಮೊದಲು ಖಾತೆ ತೆರೀಬೇಕು ಅಂದದ್ದಕ್ಕೆ
ಪಾಸ್‌ಬುಕ್ಕು, ಎರಡು ಫೋಟೋ, ನೂರು ರೂಪಾಯಿ ತಂದಿದ್ದಾಳೆ.
‘ಇದು ಆ ಖಾತೆ ಅಲ್ಲ ಕಣಕ್ಕ’ ಎಂದ ಇಲಿಯಾಸಣ್ಣ.
ಮತ್ಯಾವುದು ಎಂದು ಅವಳು ಕೇಳಲಿಲ್ಲ.

ಪರದೆಯ ಮೇಲೆ ಖಾಲಿ ಮನೆಗಳು, ಸಾಲಾಗಿ.
ಕೆಲವಕ್ಕೆ ಬಾಗಿಲಲ್ಲೊಂದು ಕೆಂಪು ಚುಕ್ಕಿ,
ಚುಕ್ಕಿ ಇದ್ದಲ್ಲಿ ಖಾಲಿ ಬಿಡುವಂತಿಲ್ಲವಂತೆ.
ನನ್ನ ಹೆಸರಿಗೆ ಚುಕ್ಕಿ. ಹುಟ್ಟಿದ ದಿನಕ್ಕೆ ಚುಕ್ಕಿ.
ತಂದೆಯ ಹೆಸರಿಗೆ ಚುಕ್ಕಿ.
ತಾಯಿಯ ಹೆಸರಿಗೆ, ಯಾಕೋ, ಇರಲಿಲ್ಲ.
‘ಆದರೂ ಹಾಕಣ್ಣ’ ಅಂದೆ. ದೇವೀರಮ್ಮ.

ಅಂಕಪಟ್ಟಿಯಲ್ಲಿ ನಾನು ಬಿಂದುಶ್ರೀ ಜೆ.
ಆಧಾರಿನಲ್ಲಿ ಬಿಂದು ಬೇರೆ, ಶ್ರೀ ಬೇರೆ, ಜೆ ಇಲ್ಲವೇ ಇಲ್ಲ.
ಜೆ ಅಂದರೆ ಜವರಾಯಿ.
ಐದು ವರ್ಷದಿಂದ ಹುಣಸೂರಿನಲ್ಲಿ ಮೋಟರ್ ವೈಂಡಿಂಗು,
ಅಲ್ಲೇ ಇನ್ನೊಂದು ಒಲೆ.
ತನ್ನದೆಲ್ಲ ಒಯ್ದ, ಆ ಒಂದಕ್ಷರ ಮರೆತು ಹೋದ.

‘ಓಟಿಪಿ ಹೋಗ್ಯದೆ. ಈ ನಂಬರು ಯಾರ ತಾವ ಅದೆ,
ಕೊನೇಲಿ ಮೂರು ಒಂದು?’
ಅಮ್ಮ ಎದ್ದು ಹೊರಗೆ ಹೋಗಿ
ಪಂಕ್ಚರಿನವನ ಬಾಣಲೆಯ ನೀರಿನಲ್ಲಿ
ಟ್ಯೂಬು ಉಸಿರು ಬಿಡುವುದನ್ನೇ ನೋಡುತ್ತ ನಿಂತಳು.

ಹತ್ತೇ ನಿಮಿಷ. ಮೂಲೆಯಲ್ಲಿ ಸೆಕೆಂಡುಗಳು ಉದುರುತ್ತಿವೆ.
ನಾಲ್ಕನೇ ರಿಂಗಿಗೆ ಎತ್ತಿದ. ಹಿಂದೆ ಯಾವುದೋ ಯಂತ್ರದ ಗರಗರ.
‘ಯಾರು?’
ಹೇಳಿದೆ.
ಯಂತ್ರ ನಿಂತಿತು.
ಮೆಸೇಜಿನಲ್ಲಿ ಆರು ಅಂಕಿ ಬಂದಿರ್ತವೆ, ನೋಡು, ಅಂದೆ.
ಅಪ್ಪಾ ಅನ್ನಲಿಲ್ಲ, ಚೆನ್ನಾಗಿದೀಯಾ ಅನ್ನಲಿಲ್ಲ,
ನೋಡು, ಅಷ್ಟೇ.
‘ಬಂದದೆ.’
‘ಏಳು’ ಅಂದೆ.
ಇಲಿಯಾಸಣ್ಣ ಟಕ್ಕನೆ ಏಳು ಒತ್ತಿದ.
‘ಏಳಲ್ಲ ಕಣವ್ವ, ನಾಕು’ ಅಂದ ಅಪ್ಪ.

ಹೇಳು ಅನ್ನೋದು ನಮ್ಮ ಬಾಯಲ್ಲಿ ಏಳು.
ಮಲಗಿದವರನ್ನ ಎಬ್ಬಿಸೋದೂ ಅದೇ,
ಆರಾದ ಮೇಲೆ ಬರೋದೂ ಅದೇ.
ಕಾಲೇಜು ಸೇರಿದ ನಾಲ್ಕು ತಿಂಗಳಿಂದ
ಹಕಾರವನ್ನ ತಿದ್ದಿ ತಿದ್ದಿ ನಿಲ್ಲಿಸಿಕೊಂಡಿದ್ದೆ.
ಆ ದನಿ ಕೇಳಿದ್ದೇ ತಡ
ನಾಲಗೆ ಹಟ್ಟಿಗೆ ಓಡಿಹೋಗಿತ್ತು.

ಅಳಿಸಿ, ಮತ್ತೆ. ನಾಕು. ಸೊನ್ನೆ. ಇನ್ನೊಂದು ಸೊನ್ನೆ.
ತಾಮ್ರದ ತಂತಿ ಸುತ್ತುವವನ ಹಾಗೆ
ನಿಧಾನಕ್ಕೆ, ಎಳೆ ಮೇಲೆ ಎಳೆ ಬೀಳದಂತೆ ಕೊಟ್ಟ.
ಐದು ಕೊಟ್ಟು, ಆರನೆಯದನ್ನ ಕೈಯಲ್ಲೇ ಹಿಡಿದು,
‘ಏನ್ ಓದ್ತಾ ಇದ್ದೀಯೆ?’
ಬಿ.ಎಸ್ಸಿ., ಮಂಡ್ಯದಲ್ಲಿ. ಕೊನೇದು?
‘ಒಂಬತ್ತು.’
ಇಟ್ಟೆ.

ಆಮೇಲೆ ಪಾಸ್‌ವರ್ಡು. ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಒಂದು ಚಿಹ್ನೆ.
ಯಾರಿಗೂ ಹೇಳಬಾರದು, ನೀನೂ ಮರೀಬಾರದು.
ಒಳಗೆ ಬಂದ ಅಮ್ಮ ಇಡೀ ಬೀದಿಗೆ ಕೇಳುವಂತೆ,
‘ನನ್ನ ಲೈನು, ಮಿಷಿನ್ನಿನ ನಂಬರು ಹಾಕು,
ಅದ ನಿದ್ದೇಲೂ ಮರೆಯಕ್ಕಾಗಲ್ಲ.’
ಹಾಕಿದೆವು. ಪರದೆ ಅದನ್ನ ಸಾಸಿವೆ ಕಾಳು ಮಾಡಿ ಮುಚ್ಚಿಟ್ಟಿತು.
ಐವತ್ತು ರೂಪಾಯಿ.
‘ಇವತ್ತಿಗೆ ಬಾಗಿಲು ತೆಗೆದದೆ, ಅರ್ಜಿಗೆ ನಾಳೆ ಬನ್ನಿ.’

ಮೂರನೇ ದಿನ ರಾತ್ರಿ ಫೋನು.
‘ಇನ್ನೊಂದು ಮೆಸೇಜು ಬಂದದೆ. ಬೇಕಾ ನಿಂಗೆ?’
ಒಂದು, ಒಂಬತ್ತು, ಒಂಬತ್ತು, ಎಂದು ಶುರು ಮಾಡಿದ.
ಇಪ್ಪತ್ತೆಂಟು ದಿನಕ್ಕೆ ರೀಚಾರ್ಜು, ನನಗೆ ಗೊತ್ತಾಯಿತು.
ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದ ಅಮ್ಮನ ಕೈ ನಿಂತಿತ್ತು.
ಪೆನ್ನು ಹುಡುಕಿದೆ.
‘ಏಳು’ ಅಂದೆ, ‘ಮೊದಲಿಂದ ಏಳು.’