ಕಾಲಿಂಚು

ಬೆಂಡಿಗೋ. ಗುರುವಾರ ಸಂಜೆ. ಚರ್ಚಿನ ಹಿಂಕೋಣೆಯಲ್ಲಿ
ಹೀಟರ್ ಕೆಮ್ಮುತ್ತದೆ.
ಹಗಲೆಲ್ಲ ಊರ ಮಕ್ಕಳ ಓರೆ ಹಲ್ಲಿಗೆ ತಂತಿ ಬಿಗಿದು
ಸಾಲಿಗೆ ತಂದ ಕೈ ಇದು;
ಬಟ್ಟೆ ಮಾತ್ರ ಮಾತು ಕೇಳುವುದಿಲ್ಲ.

ಕಾಲಿಂಚು. ಅಷ್ಟೇ ಬೇಕಾದದ್ದು.
ಮೆಶಿನ್ನಿನ ಮೇಲೆ ಬೆರಿಲ್ ನೀಲಿ ಟೇಪು ಅಂಟಿಸಿದ್ದಾಳೆ,
ಹೆಜ್ಜೆ ಕಲಿಯುವ ಕೂಸಿಗೆ ಗೋಡೆಯಿದ್ದಂತೆ.
ಹೊರಡುತ್ತೇನೆ ನೆಟ್ಟಗೆ. ಮೂರು ಬೆರಳು ದಾಟುವಷ್ಟರಲ್ಲಿ
ಏನೋ ನೆನಪು: ಕರೆಂಟು ಬಿಲ್ಲು, ಯಾರದೋ ದವಡೆ.
ಸೂಜಿ, ಕೆರೆ ಏರಿಯ ಮೇಲಿನ ಎಮ್ಮೆಯ ಹಾಗೆ,
ಹಸಿರು ಕಂಡತ್ತ ವಾಲುತ್ತದೆ.

ಒಂದೆಳೆ ತಪ್ಪು, ಏನು ಮಹಾ!
ಎಂಟು ಹೊಲಿಗೆಗೆ ಎಂಟೆಳೆ;
ಚೌಕಕ್ಕೆ ಚೌಕ ಕೂಡದೆ
ನಕ್ಷತ್ರದ ಮೊನೆ ಮುರಿದು ಕೂತಿದೆ.

ಬಾದಾಮಿಯ ಕಡೆ ಕೌದಿಗೆ
ಸ್ಕೇಲು ಹಿಡಿದವರನ್ನು ನಾ ಕಾಣೆ.
ಬಾಯಿಗೆ ಬಂದಿತ್ತು, ನುಂಗಿಕೊಂಡೆ.
ಇಲ್ಲಿ ಅದು ಬರೀ ನೆಪ.

ಬಿಚ್ಚುತ್ತೇನೆ. ಬಿಚ್ಚುವುದರಲ್ಲಿ
ನನ್ನಷ್ಟು ನಾಜೂಕು ಇಲ್ಲಿ ಯಾರಿಗೂ ಇಲ್ಲ,
ಬೆರಿಲ್ಲೇ ಹೇಳಿದ್ದು.

ನಾಳೆ ಒಂಬತ್ತಕ್ಕೆ ಡಾರ್ಸಿ ಬರುತ್ತಾನೆ, ಹದಿಮೂರರವ.
ತಂತಿ ತುಂಬಿದ ಬಾಯಲ್ಲಿ ಕೇಳುತ್ತಾನೆ:
ಇನ್ನೂ ಎಷ್ಟು ದಿನ?
ಪ್ರತಿ ಸಲ ಥಟ್ಟನೆ ಅನ್ನುತ್ತಿದ್ದೆ, ತಾಳ್ಮೆ ಇರಲಿ ಮರಿ.
ನಾಳೆ ನಾಲಿಗೆ ಎಡವೀತು.