ಎಲ್ ಆಲ್ಟೊದಲ್ಲಿ ಗಾಳಿ ತೆಳು

ಕೆಳಗಿನ ಬಯಲಿಂದ ಹತ್ತಿ ಬಂದ ಬೈಕು
ಇಲ್ಲಿ ಕೆಮ್ಮುತ್ತದೆ, ಕಪ್ಪಗೆ.
"ಪೆಟ್ರೋಲು ಅಷ್ಟೇ ಇದೆ, ಗಾಳಿ ಅರ್ಧ.
ಹೊಟ್ಟೆ ಬಿರಿಯೆ ಉಂಡವನ ಏದುಸಿರು ಇದು"
ಅನ್ನುತ್ತಾನೆ ಹಿಲಾರಿಯೋನ್.
ನೂರಾಹತ್ತರ ಜೆಟ್ ಬಿಚ್ಚಿ ಬಿಸಾಕಿ
ತೊಂಬತ್ತೈದರದನ್ನು ಬಿಸಿಲಿಗೆ ಹಿಡಿಯುತ್ತಾನೆ:
ಸಾಸಿವೆ ತೂರದಷ್ಟು ಬೆಳಕು.

ತವರದ ಗಣಿಯ ಸಿಡಿಮದ್ದು
ಅವನ ಎರಡೂ ಕಿವಿಗಳನ್ನು ಎಂದೋ ತಿಂದಿದೆ.
ಸ್ಕ್ರೂಡ್ರೈವರಿನ ಹಿಡಿ ಹಲ್ಲಲ್ಲಿ ಕಚ್ಚಿ
ತುದಿಯನ್ನು ಇಂಜಿನ್ನಿಗೆ ಊರಿ
ಕಣ್ಣು ಮುಚ್ಚುತ್ತಾನೆ.
ಬೆರಳು ಗಾಳಿಯ ತಿರುಪನ್ನು ಕಾಲು ಸುತ್ತು ಬಿಚ್ಚುತ್ತದೆ.
ಇನ್ನೊಂದು ಕೂದಲೆಳೆ.
ಊಹೂಂ, ತುಸು ಹಿಂದಕ್ಕೆ.

ದವಡೆಯೊಳಗೆ ನಡುಕ ಸಮವಾಯಿತು.

ಎಷ್ಟಾಯಿತು, ಕೇಳುತ್ತಾಳೆ ಸೆವೆರಿನಾ,
ನೋಟು ಬೀಸುತ್ತ, ಮೂರು ಸಲ.
ಅವನಿನ್ನೂ
ಬಾಯಿಂದ ಸ್ಕ್ರೂಡ್ರೈವರ್ ತೆಗೆದಿಲ್ಲ.