ಹತ್ತು ರೂಪಾಯಿ ಹೊಳೆ

ಹೊಳೆ ನೋಡೋದಕ್ಕೆ ಟಿಕೇಟು ಅಂದಾಗ
ಮೊದಲು ನಗು ಬಂತು.
ದೊಡ್ಡವರಿಗೆ ಹತ್ತು, ಮಕ್ಕಳಿಗೆ ಐದು.
ಇಪ್ಪತ್ತರ ನೋಟಿಗೆ ಕೌಂಟರಿನ ಹುಡುಗ
ಮೂರು ರೂಪಾಯಿ ಎಣಿಸಿ
ಉಳಿದದ್ದಕ್ಕೆ ಎರಡು ಪೆಪ್ಪರ್‌ಮೆಂಟು ಇಟ್ಟ.
ಒಂದು ಮೊಮ್ಮಗಳ ಬಾಯಿಗೆ,
ಒಂದು ನನ್ನ ಸೆರಗಿನ ಗಂಟಿಗೆ.

ಒಳಗೆ ಎಲ್ಲ ಚೊಕ್ಕಟ.
ಹುಲ್ಲು ಇಸ್ತ್ರಿ ಮಾಡಿಟ್ಟ ಹಾಗೆ.
ಇಸ್ತ್ರಿ ಅಂದರೆ ಏನು ನನಗೆ ಗೊತ್ತು,
ಮೂವತ್ತೊಂದು ವರ್ಷ ವಿನೋಬನಗರದ ಹೊಂಗೆ ಕೆಳಗೆ
ಕೆಂಡದ ಪೆಟ್ಟಿಗೆ ತಳ್ಳಿದ ಕೈ ಇದು.
ಅಂಚಿಗೆ ಅಂಚು ಕೂಡಿದೆ, ಮಡಿಕೆ ನೇರ ಇದೆ,
ಆದರೂ ಯಾರೂ ತೊಡದ ಅಂಗಿಯ ಹಾಗೆ...
ಇಲ್ಲ, ಹಾಗನ್ನಬಾರದು. ಜನ ಇದ್ದಾರೆ.

ಬಿರಬಿರನೆ ನಡೆಯುವ ಬ್ಯಾಂಕಿನವರು,
ಅವರ ವಾಚು ಹೆಜ್ಜೆ ಎಣಿಸುತ್ತದಂತೆ.
ಮೆಗ್ಗಾನ್ ಆಸ್ಪತ್ರೆಯಿಂದ ಎದ್ದು ಬಂದವನೊಬ್ಬ,
ಮುಂಗೈಗೆ ಇನ್ನೂ ಸೂಜಿಯ ಪಟ್ಟಿ,
ಚಪ್ಪಲಿ ಬಿಚ್ಚಿಟ್ಟು ಬೆಂಚಿನ ಮೇಲೆ ಕೂತು
ನೀರನ್ನಲ್ಲ, ತನ್ನ ಕಾಲ್ಬೆರಳು ನೋಡುತ್ತಿದ್ದಾನೆ.
ಬುರ್ಖಾ ತೊಟ್ಟ ಇಬ್ಬರು ಹುಡುಗಿಯರು
ವ್ಯಾಯಾಮದ ಕಬ್ಬಿಣ ಹತ್ತಿ ಕಾಲು ಬೀಸಿ ಬೀಸಿ ನಗುತ್ತಾರೆ.
ಯಾಕೋ ಏನೋ.

ಫಲಕ ಹೇಳುತ್ತದೆ:
ಹುಲ್ಲು ತುಳಿಯಬಾರದು. ಹೂವು ಕೀಳಬಾರದು.
ನೀರಿಗೆ ಇಳಿಯಬಾರದು. ಬಟ್ಟೆ ಒಗೆಯಬಾರದು.
ಸಿಂಚನ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿ
ಕೊನೆಯದಕ್ಕೆ ನಿಂತಳು.
'ಇಲ್ಲಿ ಯಾರಜ್ಜಿ ಬಟ್ಟೆ ಒಗೀತಾರೆ?'

ಗುರುತು ಅಂತ ಉಳಿದಿರುವುದು ಹೊಳೆ ನಡುವಿನ
ಕೋರ್ಪಲಯ್ಯನ ಮಂಟಪ ಒಂದೇ.
ಅದಕ್ಕೆ ಎಡಗೈ ಚಾಚಿ
ಸೇತುವೆಗೆ ಬಲಗೈ ಚಾಚಿದರೆ
ಎದೆ ಎಲ್ಲಿ ನಿಲ್ಲುತ್ತೋ ಅಲ್ಲಿ ನಮ್ಮ ಕಲ್ಲು.
ಅಳತೆ ನಮ್ಮವ್ವ ಗಿಡ್ಡವ್ವನದು.

ನಿಂತೆ, ಎರಡೂ ಕೈ ಚಾಚಿ.
'ಉಸಿರು ನಿಧಾನ ಬಿಡಿ ಅಮ್ಮ' ಅಂತ
ವಾಕಿಂಗಿನವರೊಬ್ಬರು ಹೇಳಿಯೂ ಹೋದರು.
ಒಂದು ಮಾರು ಸರಿದೆ, ಇನ್ನೊಂದು ಮಾರು,
ಎದೆ ಸರಿಯಾಗಿ ಬಂದು ನಿಂತದ್ದು
ಐಸ್‌ಕ್ರೀಮ್ ಗಾಡಿಯ ಮುಂದೆ.
'ಯಾವುದು ಕೊಡ್ಲಿ?' ಅಂದ ದಾದಾಪೀರ.

ಇಲ್ಲೇ ಅವ್ವ ಮೊಣಕಾಲುದ್ದ ನೀರಲ್ಲಿ
ಊರನ್ನೆಲ್ಲ ಎತ್ತಿ ಎತ್ತಿ ಕುಕ್ಕಿದ್ದು.
ಯಾರ ಮನೆಯಲ್ಲಿ ಹೆರಿಗೆ, ಯಾರದು ನಿಂತಿತು,
ಯಾವ ಮಾಸ್ತರರು ಹೊಸದಾಗಿ ಕುಡಿಯುತ್ತಾರೆ,
ಎಲ್ಲ ಕಲೆ ನೋಡಿ ತಿಳಿಯುವಳು.
ಹೇಳಿದ್ದು ಹೊಳೆಗೆ ಮಾತ್ರ.

ಆ ಕಾಲ ಬೇಕು ಅಂತಲ್ಲ.
ಸೋಡಾ ತಿಂದು ಬಿರಿದ ಅಂಗೈಯಲ್ಲಿ
ಅವಳಿಗೆ ಮುದ್ದೆ ಮುರಿಯಲೂ ಆಗುತ್ತಿರಲಿಲ್ಲ.
ನಲವತ್ತು ವರ್ಷ ಹೊಳೆಯಲ್ಲೇ ಇದ್ದವಳು
ಬೆನ್ನು ಬಗ್ಗಿಸಿದಷ್ಟೂ
ಕಲ್ಲಿನ ಸುತ್ತ ನಾಲ್ಕು ಮೊಳ ನೀರು ಕಂಡಳು.
ಹೀಗೆ ಬೆನ್ನು ಒರಗಿಸಿ, ಕೈ ಖಾಲಿ ಬಿಟ್ಟು,
ಆಚೆ ದಡದ ತನಕ
ಒಂದು ದಿನವೂ ನೋಡಲಿಲ್ಲ.
ಅವಳದ್ದೂ ಒಂದು ಟಿಕೇಟು ತಗೋಬೇಕಿತ್ತು.

ಅಷ್ಟರಲ್ಲಿ ಸಿಂಚನಳ ಹಳದಿ ಫ್ರಾಕಿನ ಮೇಲೆ
ಕೆಂಪು ಐಸ್ ಕ್ಯಾಂಡಿ ಇಳಿದಿತ್ತು.
ನನ್ನ ಕಾಲು ನನ್ನನ್ನು ಕೇಳಲೇ ಇಲ್ಲ,
ಕಂಬಿ ದಾಟಲು ಸೀರೆ ಎತ್ತಿಯೂ ಆಗಿತ್ತು,
ವಾಚ್‌ಮನ್ ಹಾಲಪ್ಪ ಸೀಟಿ ಊದಿದ:
'ಏಯ್, ಅಲ್ಲಿ ಬ್ಯಾಡ! ನಲ್ಲಿ ಆ ಕಡೆ.'

ನಲ್ಲಿ ಇತ್ತು, ಶೌಚಾಲಯದ ಪಕ್ಕ, ದಾರದಷ್ಟು ನೀರು.
ಅಂಚು ಹಿಡಿದೆ, ಹಿಂಡಿದೆ, ತಿಕ್ಕಿದೆ.
ಮೂರನೇ ಸಲಕ್ಕೆ ಬಾಯಿಂದ
ಉಸ್ ಅಂತ ಹೊರಟಿತು.
ನನ್ನದಲ್ಲ ಆ ಉಸಿರು.
ಇಸ್ತ್ರಿಯವರಿಗೆ ಅದು ಬರುವುದಿಲ್ಲ.
'ಅಜ್ಜೀ, ಇನ್ನೊಂದ್ಸಲ ಮಾಡು' ಅಂದಳು ಹುಡುಗಿ.

ಕಲೆ ಪೂರ್ತಿ ಹೋಗಲಿಲ್ಲ.
ಗೇಟು ದಾಟುವಾಗ ಸೆರಗು ಅಂಟಂಟು.
ಪೆಪ್ಪರ್‌ಮೆಂಟು ಕರಗಿತ್ತು.